ಐದನ್ನು ಒತ್ತಿದರೆ

ಮೋಟರಿಗೆ ಇನ್ನು ಆಳು ಬೇಕಿಲ್ಲ, ಫೋನಿದ್ದರೆ ಸಾಕು ಎಂದು ಪಾಡದ ಸಮಿತಿ ತೀರ್ಮಾನಿಸಿದ ದಿನ, ಆ ಮೋಟರಿನ ಆಳು ರಮಣಿ ತೋಡಿನಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಅಂತರಗಂಗೆಯ ಕಳೆ ಕೀಳುತ್ತಿದ್ದಳು. ಸಮಿತಿಯವರು ಯಾರೂ ಬಂದು ಹೇಳಲಿಲ್ಲ. ಏರಿಯ ಮೇಲೆ ಬಾತುಕೋಳಿ ಹೊಡೆದುಕೊಂಡು ಹೋಗುತ್ತಿದ್ದ ಔಸೇಪ್ ಹೇಳಿದ. ದೊಡ್ಡವರ ತೀರ್ಮಾನಗಳು ಬಡವರಿಗೆ ತಲುಪುವುದು ಹೀಗೆಯೇ, ಬಾತುಕೋಳಿಗಳ ಹಿಂದೆ ಹಿಂದೆ.

ನೂರಿಪ್ಪತ್ತು ಎಕರೆಯ ಪಾಡ ಅದು. ಸುತ್ತ ಹರಿಯುವ ಹೊಳೆಗಿಂತ ಆಳೆತ್ತರ ಕೆಳಗಿದೆ. ಮಳೆಗಾಲದಲ್ಲಿ ಅದು ಕೆರೆ. ತುಲಾಮಾಸದಲ್ಲಿ ನೀರನ್ನೆಲ್ಲ ಎತ್ತಿ ಹೊಳೆಗೆ ಚೆಲ್ಲಿದರೆ ಗದ್ದೆ. ಎತ್ತುವುದಕ್ಕೆ ಪಡುವಣ ಏರಿಯ ಮೋಟರ್ ಮನೆಯಲ್ಲಿ ಐವತ್ತು ಕುದುರೆಬಲದ ಮೋಟರಿದೆ, ಅದರ ಬೆಲ್ಟಿಗೆ ಸಿಕ್ಕಿ ತಿರುಗುವ ‘ಪರ’ ಇದೆ. ಪರ ಎಂದರೆ ದೊಡ್ಡ ಪೀಪಾಯಿ, ಒಳಗೆ ಕಬ್ಬಿಣದ ರೆಕ್ಕೆ. ಪಾಡದೊಳಗಿನ ಕಾಲುವೆ, ಅಂದರೆ ತೋಡಿನ ನೀರೆಲ್ಲ ಅದರ ಬಾಯಿಗೇ ಬರಬೇಕು. ನೀರಿನ ಜೊತೆ ಅಂತರಗಂಗೆಯೂ ಬಂದು ಬಾಯಿ ಕಟ್ಟುತ್ತದೆ, ಆಗ ಯಾರಾದರೂ ಇಳಿದು ಕೀಳಬೇಕು. ಕೀಳುವವರು ಒಳಗಿರುವಾಗ ಮೋಟರು ತಿರುಗಿದರೆ ಏನಾಗುತ್ತದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅದಕ್ಕೆಂದೇ ಕೂಗು ಇತ್ತು. ಮೋಟರು ಹಚ್ಚುವ ಮುನ್ನ ಮೋಟರಿನವನು ಏರಿಯ ಮೇಲೆ ನಿಂತು, ಎರಡೂ ಕೈಯನ್ನು ಬಾಯಿಗೆ ಹಿಡಿದು ಮೂರು ಸಲ ಕೂಗಬೇಕು. ನೀರಿನಲ್ಲಿ ಇದ್ದವರು ಒಂದು ಸಲ ಓಗೊಡಬೇಕು. ಓಗೊಟ್ಟವರು ಮೇಲೆ ಬಂದು, ಏರಿಯ ಮೇಲೆ ನಿಂತು ಕೈಯೆತ್ತುವವರೆಗೆ ಗುಂಡಿ ಮುಟ್ಟುವಂತಿಲ್ಲ. ಯಾರೂ ಓಗೊಡದಿದ್ದರೆ ಒಂದು ವೀಳ್ಯ ಜಗಿದು ಉಗುಳುವಷ್ಟು ಹೊತ್ತು ಕಾದು ಹಚ್ಚಬಹುದು. ಇದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ.

ರಮಣಿಯ ಅಪ್ಪ ನಾಣಪ್ಪನ್ ನಲವತ್ತು ವರ್ಷ ಅಲ್ಲಿ ಮೋಟರಿನವನಾಗಿದ್ದ. ಅವನ ಕೂಗನ್ನು ಎಲ್ಲಿದ್ದರೂ ಗುರುತು ಹಿಡಿಯಬಹುದಿತ್ತು. ಮೊದಲೆರಡು ಎಲ್ಲರ ಕೂಗಿನ ಹಾಗೆಯೇ. ಮೂರನೆಯದು ನಡುವೆ ಒಡೆದು, ಅರೆಗಳಿಗೆ ನಿಂತು, ಮತ್ತೆ ಮೇಲಕ್ಕೆ ಏರುತ್ತಿತ್ತು. ಎಳವೆಯಲ್ಲಿ ಗಂಟಲಿಗೆ ಕರಿಮೀನಿನ ಮುಳ್ಳು ಸಿಕ್ಕಿಕೊಂಡಿದ್ದರ ಗುರುತು ಎಂದು ಅವನೇ ನಗುತ್ತಿದ್ದ. ಹೋದ ವರ್ಷ ಕರ್ಕಾಟಕ ಮಾಸದಲ್ಲಿ ಅವನು ತೀರಿಕೊಂಡ ಮೇಲೆ ಆ ಕೆಲಸ ರಮಣಿಗೆ ಬಂತು. ಅವಳೂ ಮೂರು ಸಲ ಕೂಗಿಯೇ ಮೋಟರು ಹಚ್ಚುತ್ತಿದ್ದಳು.

ಆದರೆ ಊರು ನಾಣಪ್ಪನನ್ನು ನೆನೆಯುತ್ತಿದ್ದದ್ದು ಅವನ ಕೂಗಿಗಲ್ಲ, ಅವನು ಕೂಗಲಿಲ್ಲ ಎನ್ನಲಾದ ಒಂದು ಬೆಳಗ್ಗೆಗೆ. ಇಪ್ಪತ್ತೆರಡು ವರ್ಷದ ಹಿಂದೆ, ಇದೇ ತುಲಾಮಾಸದಲ್ಲಿ, ಪಾಡದವರೆಲ್ಲ ಬೋಟು ಹಿಡಿದು ಆಲಪ್ಪುಳದ ಮೆರವಣಿಗೆಗೆ ಹೋಗಿದ್ದರು. ನಾಣಪ್ಪನ ಮಗ ದಾಸನ್, ಇಪ್ಪತ್ತರ ಹುಡುಗ, ಅಪ್ಪನಿಗೆ ಹೇಳದೆ ಪರದ ಬಾಯಿಗೆ ಇಳಿದಿದ್ದ. ಮೋಟರು ತಿರುಗಿತು. ಆಮೇಲಿನ ಮಾತು ಬೇಡ.

ನಾನು ಕೂಗಿದೆ, ಅವನು ಓಗೊಡಲಿಲ್ಲ ಎಂದ ನಾಣಪ್ಪನ್. ಪೊಲೀಸರು ಬೋಟಿನಲ್ಲಿ ಬಂದರು. ಕೂಗಿದರೆ ಕೇಳುವಷ್ಟು ಹತ್ತಿರ ಯಾರಿದ್ದರು ಎಂದು ವಿಚಾರಿಸಿದರು. ಒಬ್ಬಳೇ ಇದ್ದಳು: ಮೂಡಣ ಏರಿಯ ಮನೆಯ ಅಡುಗೆಕೋಣೆಯಲ್ಲಿ ಅಕ್ಕಿ ತೊಳೆಯುತ್ತಿದ್ದ ಹದಿನಾರು ವರ್ಷದ ರಮಣಿ. ಕೂಗು ಕೇಳಿಸಿತೇ ಎಂದರು. ಅವಳಿಗೆ ಕೇಳಿಸಿರಲಿಲ್ಲ. ‘ಕೇಳಲಿಲ್ಲ’ ಎಂದಳು. ಆ ಒಂದು ಮಾತು ಸಂಜೆಯೊಳಗೆ ಬೋಟ್ ಜೆಟ್ಟಿ ತಲುಪಿ, ಅವನು ಕೂಗಲೇ ಇಲ್ಲವಂತೆ, ಹೆತ್ತ ಮಗಳೇ ಹೇಳಿದ್ದಾಳೆ ಎಂದಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋದರು, ಊರು ಬರೆದುಕೊಂಡದ್ದು ಬೇರೆ.

ಅದಕ್ಕಿಂತ ಕೆಟ್ಟದ್ದೆಂದರೆ ರಮಣಿಯೂ ಅದನ್ನೇ ನಂಬಿದಳು. ಅಪ್ಪನ ಸೋಮಾರಿತನ ಅಣ್ಣನನ್ನು ನುಂಗಿತು ಎಂದು ಒಳಗೇ ಕುದಿದಳು. ಇಪ್ಪತ್ತೊಂದು ವರ್ಷ ಅವನಿಗೆ ಗಂಜಿ ಬಡಿಸಿದಳು, ಮುಖ ಎತ್ತಿ ನೋಡಲಿಲ್ಲ. ಅವನೂ ಏಕೆ ಹಾಗೆ ಹೇಳಿದೆ ಎಂದು ಒಂದು ದಿನವೂ ಕೇಳಲಿಲ್ಲ. ಬದಲಿಗೆ ಮೋಟರು ಹಚ್ಚುವ ಮುನ್ನ ಕೂಗಿ, ತೋಡನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಆಮೇಲೂ ಕೈ ಕಟ್ಟಿ ನಿಲ್ಲುತ್ತಿದ್ದ. ಏರಿಯ ಮೇಲೆ ಹೋಗುವವರು ಯಾರಾದರೂ, ‘ನೀರಲ್ಲಿ ಯಾರೂ ಇಲ್ಲ ಮಾರಾಯ, ಹಚ್ಚು’ ಎಂದು ಬಾಯಿಬಿಟ್ಟು ಹೇಳಬೇಕು, ಆಗಲೇ ಗುಂಡಿ ಒತ್ತುವುದು. ಜನ ಅವನಿಗೆ ಆಮೆ ಎಂದು ಹೆಸರಿಟ್ಟರು. ಸಾಯುವ ಮುನ್ನ ಮೂರು ದಿನ ಅವನು ಕೇಳಿದ್ದು ಒಂದೇ: ‘ನೀರಲ್ಲಿ ಯಾರಾದ್ರೂ ಇದ್ದಾರಾ, ನೋಡು.’ ರಮಣಿ ಉತ್ತರ ಕೊಟ್ಟಿರಲಿಲ್ಲ. ಅಂದು ಅಪ್ಪ ಕೂಗಿದ್ದನೋ ಇಲ್ಲವೋ ಎಂಬುದು ಅವನ ಜೊತೆ ಸುಟ್ಟುಹೋಯಿತು ಎಂದುಕೊಂಡಿದ್ದಳು. ಆದರೆ ಅವನು ಹೋದ ಮೇಲೇ ಅದು ಅವಳನ್ನು ಹೆಚ್ಚು ಕಾಡತೊಡಗಿತು.

ಪೆಟ್ಟಿಗೆ ತಂದವನು ಅಂಬಲಪ್ಪುಳದ ಜಿನೇಶ್. ಮೂವತ್ತರ ಒಳಗಿನವನು, ಬಾಯಿ ಸುಮ್ಮನಿರದವನು. ಪೆಟ್ಟಿಗೆ ಊಟದ ಡಬ್ಬಿಯಷ್ಟಿತ್ತು. ಒಳಗೊಂದು ಸಿಮ್ಮು, ಹೊರಗೊಂದು ಸಣ್ಣ ಆಂಟೆನಾ, ನಾಲ್ಕಾರು ವೈರು. ಅವನ್ನು ಮೋಟರಿನ ಸ್ಟಾರ್ಟರಿಗೆ ಕೊಟ್ಟು ಗೋಡೆಗೆ ಬಿಗಿದ. ಆ ನಂಬರಿಗೆ ಫೋನ್ ಮಾಡಿದರೆ ಪೆಟ್ಟಿಗೆಯೊಳಗಿನ ಹೆಂಗಸು ಬೆಲ್ಲದಂಥ ದನಿಯಲ್ಲಿ, ನಮಸ್ಕಾರ, ಮೋಟರ್ ನಿಂತಿದೆ, ಹಚ್ಚಲು ಒಂದನ್ನು ಒತ್ತಿ, ನಿಲ್ಲಿಸಲು ಎರಡನ್ನು ಒತ್ತಿ ಎನ್ನುತ್ತಾಳೆ. ಒತ್ತಿದ ಐದನೆಯ ಸೆಕೆಂಡಿಗೆ ಮೋಟರು ತಿರುಗಬೇಕು. ಗುರುತಿನ ನಂಬರಿನಿಂದ ಬಂದ ಕರೆಗೆ ಮಾತ್ರ ಅವಳು ಬಾಯಿ ಬಿಡುತ್ತಾಳೆ.

ಯಾರ ನಂಬರು ಎಂಬಲ್ಲೇ ಒಂದು ದಿನ ಹೋಯಿತು. ಸಮಿತಿಯಲ್ಲಿ ಮೂರು ಪಕ್ಷ, ಮೂವರು ಯಜಮಾನರು: ಕಾರ್ಯದರ್ಶಿ ಅವರಾಚನ್, ಕೆಂಪು ಬಾವುಟದ ಸಖಾವ್ ಪುರುಷನ್, ಗೋಪಿ ಪಿಳ್ಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಜನ. ಒಬ್ಬನ ಕೈಗೆ ಮೋಟರು ಕೊಟ್ಟರೆ ಅವನ ಗದ್ದೆ ಮೊದಲು ಒಣಗುತ್ತದೆಂದು ಮಿಕ್ಕಿಬ್ಬರಿಗೆ ಅನುಮಾನ. ಕೊನೆಗೆ ಮೂವರ ನಂಬರೂ ಹಾಕಿಸಿದರು. ಒಬ್ಬ ಹಚ್ಚಿದ್ದು ಇನ್ನೊಬ್ಬನಿಗೆ ತಿಳಿಯುವ ಹಾಗೂ ಇರಲಿಲ್ಲ. ತೋಡಿನಲ್ಲಿ ಇಳಿದವರ ಗತಿಯೇನು ಎಂದು ರಮಣಿ ಕೇಳಿದ್ದಕ್ಕೆ ಪುರುಷನ್, ಇಳಿಯುವ ಮುಂಚೆ ಮೂವರಿಗೂ ಫೋನ್ ಮಾಡಿ ತಿಳಿಸು ಎಂದು ನಕ್ಕ. ಮೋಟರ್ ಮನೆಯ ಬೀಗದ ಕೈಯನ್ನು ಅವಳಿಂದ ಇಸಿದುಕೊಂಡರು.

ಮೊದಲ ಬೆಳಗ್ಗೆ ಅವರಾಚನ್ ಮನೆಯ ಜಗಲಿಯಲ್ಲಿ ಕುಳಿತು ಒಂದನ್ನು ಒತ್ತಿದ. ಮೋಟರ್ ಹಚ್ಚಲಾಗಿದೆ ಎಂದಳು ಪೆಟ್ಟಿಗೆಯ ಹೆಂಗಸು. ಎರಡು ನಿಮಿಷದ ಮೇಲೆ ಅವಳೇ ಕರೆಮಾಡಿ, ಮೋಟರ್ ಓಡುತ್ತಿಲ್ಲ ಎಂದಳು. ಮತ್ತೆ ಒತ್ತಿದ, ಮತ್ತೆ ಅದೇ. ಪುರುಷನ್ ಒತ್ತಿದ, ಪಿಳ್ಳೆ ಒತ್ತಿದ. ಜಿನೇಶನನ್ನು ಕರೆಸಿದರು. ಅವನು ಮೋಟರ್ ಮನೆಗೆ ಹೋಗಿ, ಕಂಬದ ಕರೆಂಟಿನ ಮೂರು ಫೇಸನ್ನೂ ನೋಡಿ, ಇನ್ನೊಂದು ಫೋನಿನಲ್ಲಿ ಅವರಾಚನನಿಗೆ, ‘ಇಲ್ಲಿ ಯಾರೂ ಇಲ್ಲ ಸಾರ್, ಎಲ್ಲ ಸರಿ ಇದೆ, ಹಚ್ಚಿ’ ಎಂದು ಏರಿ ಅದುರುವಂತೆ ಕೂಗಿದ. ಅವರಾಚನ್ ಒತ್ತಿದ. ಮೋಟರು ಹೂವಿನಂತೆ ತಿರುಗಿತು.

ವೈದ್ಯನ ಮನೆ ಮೆಟ್ಟಿಲು ಹತ್ತಿದೊಡನೆ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ಜಿನೇಶ್ ಅಲ್ಲಿದ್ದು ಗಂಟಲು ಹರಿದುಕೊಂಡರೆ ಓಡುವ ಮೋಟರು, ಅವನು ದೋಣಿ ಹತ್ತಿದ ಮೇಲೆ ನಿಲ್ಲಿಸಿ ಹಚ್ಚಿದರೆ ಓಡದು. ಅವನು ಸಿಮ್ಮು ಬದಲಿಸಿದ. ಆಂಟೆನಾವನ್ನು ಬಿದಿರಿನ ಗಳಕ್ಕೆ ಕಟ್ಟಿ ಮಾಡಿನ ಮೇಲೆ ನಿಲ್ಲಿಸಿದ. ವೈರಿನ ತುದಿಗಳನ್ನೆಲ್ಲ ಬಿಚ್ಚಿ ಉಜ್ಜಿ ಬಿಗಿದ. ವೋಲ್ಟೇಜು ಇಳಿದರೆ ತಡೆಯುವ ಅಳತೆಯನ್ನು ಸಡಿಲ ಮಾಡಿದ. ಕೊನೆಗೆ ಹೊಸ ಪೆಟ್ಟಿಗೆಯನ್ನೇ ತಂದು ಹಾಕಿದ. ಮೂರು ಸಲ ಬಂದ, ಮೂರು ಸಲವೂ ಅದೇ ಕಥೆ. ಅಷ್ಟರಲ್ಲಿ ಸಮಿತಿಯವರು ಬಿತ್ತನೆಯ ದಿನ ಗೊತ್ತುಮಾಡಿ, ಭತ್ತ ನೆನೆಹಾಕಿ ಆಗಿತ್ತು. ಮೊಳಕೆ ಒಡೆಯುವುದರೊಳಗೆ ನೀರು ಇಳಿಯದಿದ್ದರೆ ಆ ಮೊಳಕೆಯನ್ನು ಔಸೇಪನ ಬಾತುಕೋಳಿಗೆ ಹಾಕಬೇಕು.

ಊರೆಂದ ಮೇಲೆ ಅನುಮಾನಕ್ಕೆ ಬರವೇ? ಕೆಲಸ ಹೋದವಳು ರಮಣಿ. ಅವಳಲ್ಲಿ ಇನ್ನೊಂದು ಬೀಗದ ಕೈ ಇರಬೇಕು, ಬೆಳಗಿನ ಜಾವ ಹೋಗಿ ಏನೋ ಮಾಡುತ್ತಾಳೆ ಎಂದು ಅವರಾಚನ್ ಹೇಳಿದ, ಮೊದಲ ಬಾರಿಗೆ ಮೂವರೂ ಒಪ್ಪಿದರು. ಜಿನೇಶ್ ಅದಕ್ಕೊಂದು ಉಪಾಯ ಹೇಳಿದ. ಪೆಟ್ಟಿಗೆಗೆ ಕಡಲೆಯಷ್ಟು ಒಂದು ಮೈಕು ಸಿಕ್ಕಿಸಿದ. ಐದನ್ನು ಒತ್ತಿದರೆ ಮೋಟರ್ ಮನೆಯ ಸದ್ದು ಫೋನಿನಲ್ಲಿ ಕೇಳುತ್ತದೆ. ಕಳ್ಳತನಕ್ಕೆ ಬಂದವರು ಕೆಮ್ಮಿದರೂ ತಿಳಿಯುತ್ತದೆ.

ಮರುದಿನ ಬೆಳಗ್ಗೆ ಎಂಟಕ್ಕೆ ಜೆಟ್ಟಿಯ ಚಹಾದಂಗಡಿಯಲ್ಲಿ ಮೂವರು ಯಜಮಾನರೂ ಜಿನೇಶನೂ ಮೇಜಿನ ಸುತ್ತ ತಲೆ ಸೇರಿಸಿದರು. ಅವರಾಚನ್ ಒಂದನ್ನು ಒತ್ತಿದ, ಆಮೇಲೆ ಐದನ್ನು ಒತ್ತಿ ಸ್ಪೀಕರ್ ಹಾಕಿದ. ಮೊದಲು ಕಪ್ಪೆಗಳ ಸದ್ದು, ಕಲ್ಲಿಗೆ ನೀರು ತಾಗುವ ಸದ್ದು. ಆಮೇಲೆ ಯಾರೋ ಕೂಗಿದರು. ಇನ್ನೊಂದು ಸಲ ಕೂಗಿದರು. ಮೂರನೆಯದು ನಡುವೆ ಒಡೆದು, ನಿಂತು, ಮೇಲಕ್ಕೆ ಏರಿತು.

ಅವರಾಚನ್ ಮೇಜು ಕುಟ್ಟಿದ. ‘ನೋಡಿದ್ರಾ? ಒಳಗೆ ಕೂತು ನಮ್ಮನ್ನ ಆಡಿಸ್ತಿದ್ದಾಳೆ ರಮಣಿ. ಅಪ್ಪನ ಹಾಗೇ ಕೂಗಿ ಹೆದರಿಸೋ ಆಟ. ಇವತ್ತು ಪೊಲೀಸರಿಗೆ ಹೇಳದೆ ಬಿಡಲ್ಲ.’

‘ಯಾರು ಕೂತಿರೋದು ಸಾರೇ?’

ಎಲ್ಲರೂ ತಿರುಗಿದರು. ರಮಣಿ ಬಾಗಿಲಲ್ಲಿ ನಿಂತಿದ್ದಳು, ಆಗಷ್ಟೇ ಎಂಟರ ಬೋಟಿನಿಂದ ಇಳಿದವಳು, ಸೊಂಟದಲ್ಲಿ ರೇಷನ್ ಅಕ್ಕಿಯ ಚೀಲ. ಪುರುಷನ್ ಕುರ್ಚಿಯನ್ನು ಫೋನಿನಿಂದ ದೂರ ಸರಿಸಿದ. ದೇವರಿಲ್ಲ, ದೆವ್ವವಿಲ್ಲ ಎಂದು ಮೂವತ್ತು ವರ್ಷ ಭಾಷಣ ಮಾಡಿದವನು ಅವನು.

ಜಿನೇಶ್ ಮೆಲ್ಲಗೆ ಫೋನನ್ನು ಅವಳತ್ತ ಸರಿಸಿದ. ‘ಚೇಚೀ, ಇದು ಯಾರು ಅಂತ ಸ್ವಲ್ಪ ಕೇಳಿ ಹೇಳಿ.’

ಅವರಾಚನ್ ಇನ್ನೊಮ್ಮೆ ಒಂದನ್ನು ಒತ್ತಿದ, ಐದನ್ನು ಒತ್ತಿದ. ಮತ್ತೆ ಮೂರು ಕೂಗು ಬಂತು. ರಮಣಿ ಅಕ್ಕಿ ಚೀಲವನ್ನು ನೆಲಕ್ಕಿಟ್ಟಳು. ಕೂಗಿನ ಆಚೆ ಮೌನವಿತ್ತು, ಮೌನದೊಳಗೆ ಉಸಿರಿತ್ತು. ಬೀಡಿ ಸೇದಿದ ಎದೆಯ ಗೊರಗೊರ ಉಸಿರು. ಓಗೊಡುವವರಿಗಾಗಿ ಕಿವಿಗೊಟ್ಟು ನಿಂತವನ ಉಸಿರು ಅದು. ಇಪ್ಪತ್ತೊಂದು ವರ್ಷ ಪಕ್ಕದ ಕೋಣೆಯಲ್ಲಿ ಕೇಳಿದ್ದ ಅದನ್ನು ಅವಳು ಹೇಗೆ ಮರೆತಾಳು?

‘ಅಚ್ಛನ್’ ಎಂದಳು. ಅಪ್ಪ.

ಪಿಳ್ಳೆ ಕೊರಳಿನ ರುದ್ರಾಕ್ಷಿ ಹಿಡಿದುಕೊಂಡ. ಅವರಾಚನ್ ಶಿಲುಬೆಯ ಗುರುತು ಮಾಡಿಕೊಂಡ. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು. ಜಿನೇಶ್ ಮಾತ್ರ ಉಳಿದ. ಈ ತೊಂದರೆ ತನ್ನ ಪುಸ್ತಕದಲ್ಲಿ ಇಲ್ಲ, ತಾನು ಆ ಏರಿಗೆ ಇನ್ನು ಕಾಲಿಡುವುದಿಲ್ಲ, ಬೇಕಾದರೆ ಅವಳ ನಂಬರನ್ನೂ ಪೆಟ್ಟಿಗೆಗೆ ಹಾಕಿಕೊಡುತ್ತೇನೆ ಎಂದ. ಅವಳು ತನ್ನ ಹಳೆಯ ಗುಂಡಿಫೋನನ್ನು ಕೊಟ್ಟಳು.

ಆ ರಾತ್ರಿ ರಮಣಿಗೆ ನಿದ್ದೆ ಬರಲಿಲ್ಲ. ಭಯಕ್ಕಲ್ಲ. ಇಷ್ಟು ದಿನ ಮೋಟರಿಗೆ ತಾನು ಕೂಗುತ್ತಿದ್ದೆ, ಈಗ ಕೂಗುವವರಿಲ್ಲ, ಅದಕ್ಕೆ ಅಪ್ಪ ಬಂದು ಕೂಗುತ್ತಿದ್ದಾನೆ ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಸತ್ತ ಮೇಲೂ ಕೂಗದೆ ಮೋಟರು ಹಚ್ಚಲಾರದವನು ಬದುಕಿದ್ದಾಗ ಒಂದು ದಿನ ಕೂಗದೆ ಹಚ್ಚಿದ್ದನೇ? ಹಚ್ಚಿರಲಿಲ್ಲವಾದರೆ, ಅವನ ಮೇಲೆ ಇಲ್ಲದ ಕಳಂಕ ಹೊರಿಸಿದ್ದು ಅವಳ ಬಾಯಿ. ಹಚ್ಚಿದ್ದನಾದರೆ, ಈ ಕೂಗು ಪಶ್ಚಾತ್ತಾಪದ್ದು. ಎರಡರಲ್ಲಿ ಯಾವುದೆಂದು ತಿಳಿಯದೆ ಅವಳಿಗೆ ಇನ್ನು ಬದುಕಲು ಸಾಧ್ಯವಿರಲಿಲ್ಲ.

ಬೆಳಗ್ಗೆ ಔಸೇಪ್ ಬಾತುಕೋಳಿಗಳನ್ನು ಹೊಡೆದುಕೊಂಡು ಮನೆಯ ಮುಂದೆ ಹಾದುಹೋದ. ಕೆಲಸ ಹೋದರೂ ದಿನಾ ಕೂಗುತ್ತೀಯಲ್ಲ ರಮಣಿ, ನಿನ್ನ ಗಂಟಲು ಈಗೀಗ ಥೇಟ್ ನಾಣಪ್ಪನದೇ ಆಗಿದೆ ಎಂದು ನಕ್ಕ.

‘ಎಲ್ಲಿ ನಿಂತಾಗ ಕೇಳಿಸ್ತು?’

ಮೋಟರ್ ಮನೆಯ ಹತ್ತಿರ ಮೇಯಿಸುವಾಗ, ಬಾತುಕೋಳಿಗಳೆಲ್ಲ ಒಮ್ಮೆಲೇ ಬೆದರಿ ಹಾರುತ್ತವೆ ಎಂದ. ಈ ಕಡೆ ಬಂದ ಮೇಲೆ ಎಂದಾದರೂ ಕೇಳಿದ್ದುಂಟೇ ಎಂದಳು. ಅವನು ತಲೆ ಕೆರೆದುಕೊಂಡ. ಇಲ್ಲ, ಈ ತಿಂಗಳು ಮೂಡಗಾಳಿ ಅಲ್ಲವೇ, ಆ ಕಡೆಯ ಸದ್ದು ಈ ಕಡೆ ಎಲ್ಲಿ ಬರುತ್ತದೆ ಎಂದು ಹೇಳಿ ಕೋಲು ಬೀಸುತ್ತ ಪಡುವಣ ಏರಿಯತ್ತ ಹೊರಟ. ಅವನಿಗೆ ತಾನೇನು ಹೇಳಿದೆನೆಂದು ಗೊತ್ತಿರಲಿಲ್ಲ. ರಮಣಿ ನಿಂತಲ್ಲೇ ನಿಂತಳು.

ಅವಳು ಒಳಗೆ ಹೋದಳು. ಅಂದು ಕುಳಿತಿದ್ದ ಜಾಗದಲ್ಲೇ, ಅಡುಗೆಕೋಣೆಯ ಹಿಂಬಾಗಿಲ ಬಳಿ, ಪಾತ್ರೆಯಲ್ಲಿ ಅಕ್ಕಿ ಇಟ್ಟುಕೊಂಡು ಕುಳಿತಳು. ಬಾಗಿಲಾಚೆ ಅರ್ಧ ನೀರಿಳಿದ ಪಾಡ ಕನ್ನಡಿಯ ಹಾಗೆ ಹರಡಿತ್ತು. ಅರ್ಧ ಮೈಲಿಯಾಚೆ ಮೋಟರ್ ಮನೆಯ ಹೆಂಚು, ಅದರ ಬುಡದಲ್ಲಿ ಎಳ್ಳು ಚೆಲ್ಲಿದಂತೆ ಔಸೇಪನ ಬಾತುಕೋಳಿಗಳು. ಬೆನ್ನಿಗೆ ಗಾಳಿ ಬೀಸುತ್ತಿತ್ತು, ತುಲಾಮಾಸದ ಮೂಡಗಾಳಿ. ಅಂದೂ ಇದೇ ಗಾಳಿ. ಬೆನ್ನ ಮೇಲಿನ ಒದ್ದೆ ಕೂದಲು ಮುಂದಕ್ಕೆ ಹಾರಿ ಮುಖಕ್ಕೆ ಬಡಿಯುತ್ತಿದ್ದದ್ದು ಅವಳಿಗೆ ಈಗ ನೆನಪಾಯಿತು. ಅದನ್ನು ಯಾವ ಪೊಲೀಸಿನವನೂ ಕೇಳಿರಲಿಲ್ಲ.

ಫೋನ್ ಮಾಡಿ ಒಂದನ್ನು ಒತ್ತಿದಳು. ಆಮೇಲೆ ಐದನ್ನು ಒತ್ತಿ ಬಲಗಿವಿಗೆ ಹಿಡಿದಳು. ಎಡಗಿವಿಯನ್ನು ಬಾಗಿಲಿಗೆ ತೆರೆದಿಟ್ಟಳು.

ಬಲಗಿವಿಯಲ್ಲಿ ಅಪ್ಪ ಕೂಗಿದ. ಎಡಗಿವಿಯಲ್ಲಿ ಗಾಳಿ, ಅಷ್ಟೇ. ಎರಡನೆಯ ಸಲ ಕೂಗಿದ, ಬಾತುಕೋಳಿಗಳು ಫೋನಿನೊಳಗೆ ಕೊಕ್ಕೊಕ್ಕೆಂದು ಚೀರಿದವು. ಅದೇ ಗಳಿಗೆಗೆ ಪಾಡದಾಚೆ ಆ ಎಳ್ಳುಕಾಳುಗಳೆಲ್ಲ ಒಟ್ಟಿಗೆ ಮೇಲೆದ್ದವು. ಎಡಗಿವಿಗೆ ಒಂದೇ ಒಂದು ಸದ್ದು ಬರಲಿಲ್ಲ. ಮೂರನೆಯ ಕೂಗು ಫೋನಿನಲ್ಲಿ ಒಡೆಯಿತು, ನಿಂತಿತು, ಏರಿತು. ಅಡುಗೆಕೋಣೆಯಲ್ಲಿ ಅಕ್ಕಿಯ ಮೇಲೆ ನೊಣ ಕೂರುವ ಸದ್ದು ಕೇಳುವಷ್ಟು ಮೌನವಿತ್ತು.

ಅಪ್ಪ ಕೂಗಿದ್ದ. ಅವಳಿಗೆ ಕೇಳಿರಲಿಲ್ಲ. ಎರಡೂ ನಿಜವಾಗಿತ್ತು. ದಾಸನಿಗೂ ಕೇಳಿರಲಿಲ್ಲ, ತಲೆ ನೀರಿನೊಳಗೆ ಮುಳುಗಿಸಿ ಬೇರು ಕೀಳುತ್ತಿದ್ದವನಿಗೆ ಯಾವ ಕೂಗು ಕೇಳೀತು? ರಮಣಿಯ ಎದೆಯೊಳಗಿಂದ ಬಂದ ಸದ್ದು ಅಳುವಿನ ಹಾಗಿರಲಿಲ್ಲ. ಪಾತ್ರೆ ಉರುಳಿ ಅಕ್ಕಿ ಚೆಲ್ಲಿತು. ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಏರಿಯ ಮೇಲೆ ಓಡತೊಡಗಿದಳು. ಮೂವತ್ತೆಂಟು ವರ್ಷದ ಹೆಂಗಸು, ಮುಂಡಿನ ಅಂಚನ್ನು ಎತ್ತಿ ಹಿಡಿದು, ಹದಿನಾರರ ಹುಡುಗಿಯಂತೆ ಓಡಿದಳು.

ಮೋಟರ್ ಮನೆಯ ಬಾಗಿಲಿಗೆ ಬೀಗ ಹಾಕಿಯೇ ಇತ್ತು. ಔಸೇಪ್ ಬೆದರಿದ ಬಾತುಕೋಳಿಗಳ ಬೆನ್ನು ಹತ್ತಿ ದೂರ ಹೋಗಿದ್ದ. ಒಳ್ಳೆಯ ಬಿಸಿಲಿತ್ತು, ಏರಿಯ ಮೇಲೆ ಯಾರೂ ಇರಲಿಲ್ಲ. ಆದರೆ ಅಪ್ಪ ನಿಲ್ಲುತ್ತಿದ್ದ ಚಪ್ಪಡಿಯ ಬಳಿ ಬೀಡಿಯ ವಾಸನೆ ತಾಜಾ ಆಗಿತ್ತು. ಆ ಜಾಗದಲ್ಲಿ ಗಾಳಿ ಆಡುತ್ತಿರಲಿಲ್ಲ. ರಮಣಿಗೆ ಹಿಂದೆ ಓಡಬೇಕೆನಿಸಿತು, ಓಡಲಿಲ್ಲ.

‘ಅಚ್ಛಾ’ ಎಂದಳು. ಹಾಗೆ ಅವನನ್ನು ಬಾಯಿಬಿಟ್ಟು ಕರೆದು ಇಪ್ಪತ್ತೆರಡು ವರ್ಷವಾಗಿತ್ತು. ‘ನೀರಲ್ಲಿ ಯಾರೂ ಇಲ್ಲ. ನಾನು ನೋಡಿದೆ. ಹಚ್ಚು.’

ಒಳಗೆ ಸ್ಟಾರ್ಟರು ಠಕ್ಕೆಂದಿತು. ಮೋಟರು ಒಂದು ಸಲ ನರಳಿತು, ಬೆಲ್ಟು ಅರ್ಧ ಸುತ್ತು ಬಂದು ನಿಂತಿತು. ಜಿನೇಶನ ಗಂಟಲಿಗೆ ತಿರುಗಿದ ಮೋಟರು ಅವಳ ಮಾತಿಗೆ ತಿರುಗಲಿ ಎಂದರೆ ತಿರುಗಲಿಲ್ಲ. ಅಪ್ಪ ನಂಬಲಿಲ್ಲ. ಬೇರೆಯವರು ಹೇಳಿದರೆ ನಂಬುವವನು ಮಗಳು ಹೇಳಿದರೆ ನಂಬದೆ ಕಾಯುತ್ತಿದ್ದಾನೆಂದರೆ, ಅವಳ ಬಾಯಿಂದ ಬೇರೆ ಏನೋ ಬರಬೇಕಿತ್ತು. ಸಾಯುವಾಗ ಮೂರು ದಿನ ಕೇಳಿದ ಪ್ರಶ್ನೆ ಯಾರ ಬಗ್ಗೆ ಎಂದು ಅವಳಿಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದಳು. ಅದನ್ನು ನೆನೆದು ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವಳು ಚಪ್ಪಡಿಯ ಮೇಲೆ ಹತ್ತಿ ನಿಂತು, ನೀರಿನಿಂದ ಮೇಲೆ ಬಂದವರು ಎತ್ತುವ ಹಾಗೆ ಬಲಗೈ ಎತ್ತಿದಳು.

‘ನೀನು ಕೂಗಿದ್ದು ಕೇಳಿಸ್ತು ಅಚ್ಛಾ. ನಂಗೂ ಕೇಳಿಸ್ತು, ಚೇಟ್ಟನ್‌ಗೂ ಕೇಳಿಸ್ತು. ದಾಸ್ ಚೇಟ್ಟನ್ ಮೇಲೆ ಬಂದ. ಇಲ್ಲೇ ನನ್ನ ಪಕ್ಕ ನಿಂತಿದ್ದಾನೆ.’

ಅದು ಹಸಿ ಸುಳ್ಳು. ಅಂದು ಪೊಲೀಸರ ಮುಂದೆ ನಿಜವನ್ನೇ ಹೇಳಿದ್ದವಳು ಇಂದು ಹಗಲಿನಲ್ಲಿ ನಿಂತು ಸುಳ್ಳು ಹೇಳಿದಳು, ಕೈ ಇಳಿಸಲಿಲ್ಲ. ಎಷ್ಟು ಹೊತ್ತೋ. ಒಂದು ವೀಳ್ಯ ಜಗಿದು ಉಗುಳುವಷ್ಟು ಹೊತ್ತಿರಬೇಕು. ಆಮೇಲೆ ಸ್ಟಾರ್ಟರು ಠಕ್ಕೆಂದಿತು, ಬೆಲ್ಟು ಬಿಗಿಯಿತು, ಪರದೊಳಗೆ ರೆಕ್ಕೆ ತಿರುಗಿ ತೋಡಿನ ನೀರು ಮೇಲೆ ಉಕ್ಕಿ ಹೊಳೆಗೆ ಧುಮುಕಿತು.

ಅವಳ ಎಡಗಡೆ, ಬಿಸಿಲಿಗೆ ಕಾದ ಒಣ ಚಪ್ಪಡಿಯ ಮೇಲೆ, ತೊಟ್ ತೊಟ್ ಎಂದು ನೀರು ಬೀಳುತ್ತಿತ್ತು. ಮೈಯಿಂದ ನೀರಿಳಿಯುವ ಯಾರೋ ಪಕ್ಕದಲ್ಲಿ ನಿಂತಂತೆ ತಂಪಾಗಿತ್ತು. ರಮಣಿ ತಿರುಗಿ ನೋಡಲಿಲ್ಲ. ಕೈಯೆತ್ತಿಕೊಂಡೇ ಇದ್ದಳು, ಆ ತೊಟ್ಟಿಕ್ಕುವ ಸದ್ದು ನಿಲ್ಲುವವರೆಗೆ.

ಮೂರು ದಿನದಲ್ಲಿ ಪಾಡ ಒಣಗಿತು, ನಾಲ್ಕನೆಯ ದಿನ ಬಿತ್ತಿದರು. ಫೋನಿನಿಂದ ಒತ್ತಿದರೆ ಸರಿಯಾಗಿ ಐದನೆಯ ಸೆಕೆಂಡಿಗೆ ಮೋಟರು ತಿರುಗುತ್ತಿತ್ತು. ಅರ್ತಿಂಗ್ ಸಡಿಲವಾಗಿತ್ತು, ಈಗ ಸರಿಯಾಯಿತು ಎಂದು ಜಿನೇಶ್ ಕಾಗದದಲ್ಲಿ ಬರೆದುಕೊಟ್ಟ, ಏರಿಗೆ ಬಾರದೆಯೇ. ಮೂವರು ಯಜಮಾನರು ಸಭೆ ಕರೆಯದೆ ಒಂದು ತೀರ್ಮಾನ ಮಾಡಿದರು: ಒಂದನ್ನು ಒತ್ತುವ ಮುಂಚೆ ರಮಣಿಗೆ ಹೇಳಬೇಕು, ಅವಳು ಹೋಗಿ ಕೂಗಿ, ತೋಡು ನೋಡಿ, ಆಗಲಿ ಎಂದ ಮೇಲೇ ಒತ್ತಬೇಕು. ಬೀಗದ ಕೈಯೂ ವಾಪಸು ಬಂತು. ಅಂದು ನಾಣಪ್ಪನ್ ಕೂಗಿದ್ದ, ನನಗೇ ಕೇಳಿರಲಿಲ್ಲ ಎಂದು ಅವಳು ಜೆಟ್ಟಿಯಲ್ಲಿ ನಿಂತು ಎಲ್ಲರೆದುರು ಹೇಳಿದಳು. ಈ ಮಾತು ಮನೆಯಿಂದ ಮನೆಗೆ ನಡೆಯಲು ಇಪ್ಪತ್ತೆರಡು ವರ್ಷದ ಹಿಂದಿನ ಮಾತಿಗಿಂತ ಹೆಚ್ಚು ದಿನ ತೆಗೆದುಕೊಂಡಿತು.

ಒಂದು ವಿಷಯ ಅವಳು ಯಾರಿಗೂ ಹೇಳಲಿಲ್ಲ. ದಿನಾ ಬೆಳಗ್ಗೆ ಅಡುಗೆಕೋಣೆಯ ಹಿಂಬಾಗಿಲಲ್ಲಿ ಕುಳಿತು ಪೆಟ್ಟಿಗೆಗೆ ಫೋನ್ ಮಾಡಿ ಐದನ್ನು ಒತ್ತುತ್ತಿದ್ದಳು. ಕಪ್ಪೆ, ನೀರು, ಔಸೇಪನ ಬಾತುಕೋಳಿ. ಆಮೇಲೆ ಪೆಟ್ಟಿಗೆಯ ಹೆಂಗಸು ನಮಸ್ಕಾರ ಹೇಳಿ ಕರೆ ಕತ್ತರಿಸುತ್ತಿದ್ದಳು. ಪೈರು ಮೊಣಕಾಲೆತ್ತರ ಬಂತು, ಗಾಳಿ ಪಡುವಣ ಕಡೆಯಿಂದ ಬೀಸತೊಡಗಿತು. ಆದರೂ ಒತ್ತುತ್ತಿದ್ದಳು.

ಮಕರಮಾಸದಲ್ಲಿ ಜಿನೇಶ್ ಒಂದು ದಿನ ಫೋನ್ ಮಾಡಿದ. ಆಚೀಚೆಯ ಮಾತೆಲ್ಲ ಆಡಿ, ದನಿ ತಗ್ಗಿಸಿ, ‘ಚೇಚೀ, ಈಗೇನಾದ್ರೂ ಕೇಳಿಸುತ್ತಾ?’ ಎಂದ.

ಹದಿನಾರರಲ್ಲಿ ಪೊಲೀಸರ ಮುಂದೆ ಹೇಳಿದ ಅದೇ ಮಾತನ್ನು ರಮಣಿ ಹೇಳಿದಳು.

‘ಕೇಳಲಿಲ್ಲ.’